ಇದ್ದಲ್ಲಿ, ಇದ್ದ ಹಂಗ

ಹುಮನಾಬಾದ ಬೈಪಾಸಿಗೆ ಟ್ರೇಲರಿನ ಆಕ್ಸಲ್ ಮುರದು
ನನ್ನ ತಾಡಪತ್ರಿ ಅಂಗಡಿ ಎದುರಿಗೆ ಹಡಗ ನಿಂತಿತು.
ಭಾಳ ದೊಡ್ಡದೇನಲ್ಲ, ಮೂವತ್ತೆಂಟು ಫೂಟು.
ಆದರ ನೀರಿಲ್ಲದಲ್ಲಿ ನಿಂತ ಹಡಗ
ಇದ್ದದ್ದಕ್ಕಿಂತ ದೊಡ್ಡದು ಕಾಣ್ತದ.
ತೊಗರಿ ಲಾರಿಗಳು ಗೇರ್ ಇಳಿಸಿ
ನೋಡಿ ಹೋಗತಿದ್ದವು.

ಮುಂಬೈದಾಗ ಕೊಂಡದ್ದು, ಹೈದರಾಬಾದಿನ ಹೊರಗ
ಯಾರದೋ ಹೋಟೆಲ್ಲಿಗೆ.
‘ಅಂಗಳದಾಗ ನಿಲ್ಲಸ್ತಾರಂತ, ಒಳಗ ನಾಕು ಟೇಬಲ್ಲು’
ಅಂದ ಡ್ರೈವರ್ ಗಾಯಕವಾಡ, ತಂಬಾಕು ತಿಕ್ಕಿಕೋತ.
ರಾಜೇಶ್ವರ ದಾಟಿದ ಮ್ಯಾಲ ಬೇವಿನ ಟೊಂಗಿ ತಾಗಿ
ಹೊದಿಕಿ ಹದಿನಾಲ್ಕು ಫೂಟು ಹರದಿತ್ತು.
ನಾ ನಿಚ್ಚಣಿಕಿ ಹಚ್ಚಿದೆ.

ಕೆಳಗ ಕ್ಲೀನರ್ ಹುಡುಗ ಶಿರಾಜ
ಮಾರಾಟದ ಕಾಗದ ಓದ್ಲಿಕತ್ತ:
ಪಟ ಐದು. ಮುಂದಿನದು ಸುತ್ತಲಿಕ್ಕ ರಾಟಿ ಅದ.
ಬಿರುಗಾಳಿ ಪಟ ಒಂದು, ಕಿತ್ತಳೆ ಬಣ್ಣ, ಬಳಸಿಲ್ಲ.
ಲಂಗರು ಎರಡು. ಸರಪಳಿ ಅರವತ್ತು ಮೀಟರು.
ಡೀಸಲ್ ಇಂಜಿನ್, ಎರಡು ಸಾವಿರದ ಮುನ್ನೂರು ತಾಸು ಓಡ್ಯದ.
‘ಇಷ್ಟು ವರ್ಷಕ್ಕ ಅಷ್ಟೇನಾ?’ ಅಂದೆ.
ನಮ್ಮ ದಾಲ್ ಮಿಲ್ಲಿಂದು ಎರಡು ಸುಗ್ಗಿಗೆ ಅಷ್ಟು ಓಡ್ತದ.
‘ಗಾಳಿಲೇ ಹೋಗ್ತದ ಕಾಕಾ. ಇಂಜಿನ್ ಬಂದರದಾಗ ಅಷ್ಟೇ.’

ಹಿಂದ ಒಂದು ರೆಕ್ಕಿ. ಮನುಷ್ಯಾ ಮಲಕೊಂಡಾಗ
ಗಾಳಿ ನೋಡಿ ಚುಕ್ಕಾಣಿ ಹಿಡಿಯೂದು ಅದರ ಕೆಲಸಂತ.
ಬಸ್ ಹೋದಾಗೊಮ್ಮೆ ಅದು ತಿರಗತಿತ್ತು,
ಟ್ಯಾಂಕರ್ ಹೋದರ ಇನ್ನೊಂದು ಕಡೆ.
ಹಾದಿ ತಪ್ಪಿದಾಂವ ಸಿಕ್ಕಸಿಕ್ಕವರನ್ನ ಕೇಳಿದಂಗ.

ಮಧ್ಯಾಹ್ನ ಬಿಸಲಿಗೆ ಒಳಗ ಇಳದೆ.
ಎರಡು ಬರ್ನರಿನ ಒಲಿ, ತೊಟ್ಟಿಲಿನ ಹಂಗ ತೂಗು ಹಾಕ್ಯಾರ.
ಮನಿ ವಾಲಿದರೂ ಒಲಿ ವಾಲಬಾರದು.
ನೀರಿನ ಟಾಕಿ ನಾಕನೂರು ಲೀಟರು, ಕಾಲಿಲೇ ಒತ್ತೋ ಪಂಪು,
ಒತ್ತಿದಷ್ಟೇ ನೀರು.
ಇದನ್ನ ಮಾಡಿದಾಂವ
ನಮ್ಮ ಓಣಿಯಾಗ ಒಂದು ಬೇಸಿಗಿ ಇದ್ದಿರಬೇಕು.

ಶಿರಾಜ ಲಾರಿ ಬ್ಯಾಟರಿಗೆ ವಯರ್ ಕೊಟ್ಟ.
ಆಳ ಅಳಿಯೋ ಯಂತ್ರ ಹತ್ತಿತು.
ಹುಮನಾಬಾದಿನ ಕೆಳಗ ಎಷ್ಟು ಆಳ?
ಮೂರು ಗೀಟು ತೋರಿಸಿ ಸುಮ್ಮನಾತು.
ನನ್ನ ಬೋರ್ ಎಂಟುನೂರು ಫೂಟು ಹೋಗಿ ಧೂಳು ಉಗಳಿದ್ದು,
ಅದಕ್ಕೇನು ಗೊತ್ತು.

ಹಳೇ ಪಟದ ಚೀಲ ತಲಿದಿಂಬ ಮಾಡಲಿಕ್ಕ ಎಳದೆ.
ಬಿಚ್ಚಿಕೊಂತು.
ಅಂಗೈ ಎರಡರಷ್ಟು ತ್ಯಾಪಿ. ಕೈ ಹೊಲಿಗಿ, ಮೇಣ ಸವರಿದ ದಾರ.
ಮೊದಲ ಟಾಕಿ ಸಾಲು ಹಿಡದಾವ,
ನಡುವ ಒಂದು ಗೇಣು ಸೊಟ್ಟ:
ಅಲ್ಲಿ ತೆರಿ ಬಡದಿರಬೇಕು. ಅಥವಾ ಕತ್ತಲಾಗಿರಬೇಕು.
ಆಮ್ಯಾಲ ಮತ್ತ ನೆಟ್ಟಗ.
ಕಂದು ಕಲಿ ಒಂದು, ಸೂಜಿ ಬೆರಳಿಗೆ ಹೋದದ್ದು.
ಟಾಕಿ ವಾಲಿದ್ದು ನೋಡಿದೆ, ತಿರುಗಿಸಿ ಮತ್ತ ನೋಡಿದೆ.
ಎಡಗೈಯವರು.

ನಮ್ಮಪ್ಪ ಗಜದ ಕೋಲಿಲೇ ಹೊಡದು ಹೊಡದು
ಬಿಡಸಲಿಕ್ಕ ಆಗದ್ದು ನನಗೂ ಈ ಕೈ ಒಂದೇ.
ಗಂಡಸೋ ಹೆಂಗಸೋ, ಯಾವ ದೇಶವೋ,
ಮೊಣಕಾಲಿನ ಮ್ಯಾಲ ಪಟ ಹಾಕಿಕೊಂಡು
ಸುತ್ತ ನೀರಿನಾಗ ಕೂತು,
ದಾರ ಹಲ್ಲಿಲೇ ಕಡದವರು.

‘ಶಿರಾಜ, ಕಾಗದದಾಗ ಈ ತ್ಯಾಪಿ ಅದ ಏನು?’
ನಾಕೂ ಪುಟ ತಿರುವಿದ.
‘ಹಳೇ ಪಟ, ಸ್ಥಿತಿ ಸಾಧಾರಣ. ಅಷ್ಟೇ ಅದ.
ಕಡೀಕ, ಇದ್ದಲ್ಲಿ ಇದ್ದ ಹಂಗ ಮಾರಾಟ,
ಮುಂದ ತಕರಾರು ನಡಿಯೂದಿಲ್ಲ.’

ಐದನೇ ದಿನ ಸೊಲ್ಲಾಪುರದಿಂದ ಆಕ್ಸಲ್ ಬಂತು.
ನನ್ನ ಬಿಲ್: ಹೊದಿಕಿ ಹೊಲಿಗಿ ಹದಿನಾಲ್ಕು ಫೂಟು, ಏಳುನೂರು.
ಗಾಯಕವಾಡ ಆರುನೂರು ಕೊಟ್ಟ, ಚಹಾ ಹೇಳಿದ.

ಆ ತ್ಯಾಪಿಯಾಗ ಆರು ಟಾಕಿ ಸಡಲಾಗಿದ್ದವು.
ಹಳೇ ತೂತಿನಾಗೇ ಸೂಜಿ ಹಾಕಿ
ಬಿಗದು ಮಡಚಿಟ್ಟೆ. ಬಿಲ್ಲಿಗೆ ಹಚ್ಚಲಿಲ್ಲ.
ಹೋಟೆಲ್ಲಿನವರು ಪಟ ಬಿಚ್ಚೂದಿಲ್ಲ,
ಗೊತ್ತದ.