ಮೂರು ಪಟ್ಟು ಹೆಚ್ಚು

ಕೊಚ್ಚಿಯಿಂದ ಬಂದ ಕಾಗದದಲ್ಲಿ ಒಂದು ಸಾಲು:
ಹೋದ ಸಲಕ್ಕಿಂತ ತ್ರೀ ಟೈಮ್ಸ್ ಮೋರ್ ಕಳಿಸಿ.
ಗೋಣಿಕೊಪ್ಪದ ಮೊಯ್ದು ಕಾಕನ ಮಳಿಗೆಯಲ್ಲಿ
ಇಂಗ್ಲಿಷ್ ಓದುವುದಕ್ಕೆಂದೇ ಸಂಬಳ ನನಗೆ.
ಹೋದ ಸಲ ಹೋದದ್ದು ಇಪ್ಪತ್ತು ಮೂಟೆ ಕರಿಮೆಣಸು.
ಈಗ ಅರವತ್ತೋ, ಎಂಬತ್ತೋ?

ಇಪ್ಪತ್ತು ಮೂರಲ ಅರವತ್ತು, ಅಂದರು ಕಾಕ.
ಮೋರ್ ಅಂದಿದ್ದಾನಲ್ಲ ಕಾಕ, ಅಂದೆ.
ಇದ್ದ ಇಪ್ಪತ್ತರ ಮೇಲೆ ಹೆಚ್ಚಿದ್ದೇ ಅರವತ್ತಾದರೆ
ಲಾರಿ ಹತ್ತಬೇಕಾದದ್ದು ಎಂಬತ್ತು.
ಕಾಕ ತಕ್ಕಡಿಯ ಕಡೆ ನೋಡಿದರು,
ತಪ್ಪು ಅದರದೇ ಎಂಬಂತೆ.

ಬೆಂಚಿನ ಮೇಲಿದ್ದ ಸುಬೇದಾರ್ ಕುಟ್ಟಯ್ಯ ನಕ್ಕರು:
ಪಲ್ಟನ್ನಿನಲ್ಲಿ ಡಬಲ್ ಅಂದರೆ ಓಡು ಅಂತ.
ಎರಡರಷ್ಟು ಓಡಿದೆಯಾ ಅಂತ ಒಬ್ಬನೂ ಅಳೆಯಲಿಲ್ಲ.
ರಾತ್ರಿ ಕ್ಯಾಂಟೀನಿನಲ್ಲಿ ಡಬಲ್ ಅಂದರೆ ಮಾತ್ರ
ಗ್ಲಾಸಿಗೆ ಬೆರಳಿಟ್ಟು ಅಳೆದೆವು.

ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಎರವರ ಬೊಳ್ಳಿ
ಮೊರ ನಿಲ್ಲಿಸದೆ ಹೇಳಿದಳು:
ಆಯ್ತವಾರ ಬಂದರೆ ಡಬಲ್ ಕೂಲಿ ಅಂದಿದ್ದ ತೋಟದ ರೈಟರು,
ಶನಿವಾರದ್ದನ್ನೂ ಅದರಲ್ಲೇ ಸೇರಿಸಿ ಕೊಟ್ಟ.
ಎರಡು ದಿನ, ಎರಡು ಕೂಲಿ, ಡಬಲ್ ಅಲ್ಲವೇನೇ ಅಂದ.

ಮೊರದ ಸದ್ದೊಂದೇ.

ಆ ರಾತ್ರಿ ನಿಘಂಟು ತೆಗೆದು ಕೂತೆ.
ಡಬಲ್, ಟ್ರಿಪಲ್, ಆಮೇಲೆ ಕ್ವಾಡ್ರುಪಲ್,
ಬಾಯಲ್ಲಿ ಕಲ್ಲು ಸಿಕ್ಕಿದ ಹಾಗೆ.
ಐದಕ್ಕೆ ಬರುವಾಗ ಆ ಭಾಷೆಯವರೂ ಸುಸ್ತಾಗಿ
ಫೈವ್ ಟೈಮ್ಸ್ ಅಂದು ಮುಗಿಸುತ್ತಾರೆ.
ಪಕ್ಕದ ಪುಟದಲ್ಲಿ ಟೂಫೋಲ್ಡ್, ತ್ರೀಫೋಲ್ಡ್.
ಫೋಲ್ಡ್ ಅಂದರೆ ಮಡಿಕೆ.
ಅರೆ, ನಮ್ಮದೂ ಅದೇ: ಇಮ್ಮಡಿ, ಮುಮ್ಮಡಿ, ನೂರ್ಮಡಿ.
(ರಾಜರ ಹೆಸರಿಗೆ ಅಂಟಿದ ಇಮ್ಮಡಿ ಮಾತ್ರ ಬೇರೆ;
ಅಲ್ಲಿ ಯಾರೂ ದುಪ್ಪಟ್ಟಾಗಲಿಲ್ಲ, ಎರಡನೆಯವರಾದರು ಅಷ್ಟೆ.)

ಅವ್ವ ಮದುವೆಗೆ ಹೊರಟು ಸೀರೆ ಉಡುತ್ತಿದ್ದಳು,
ನಮ್ಮ ಕಡೆಯ ಹಾಗೆ ನೆರಿಗೆ ಬೆನ್ನಿಗೆ.
ಎಣಿಸಿದೆ, ಆರು.
ಆರು ಮಡಿಸಿದರೂ ಸೀರೆ ಒಂದೇ.
ಬಟ್ಟೆ ಒಂದು ಗೇಣೂ ಬೆಳೆಯಲಿಲ್ಲ,
ದಪ್ಪವಾಯಿತು, ಉದ್ದ ಕಳೆದುಕೊಂಡಿತು.

ಮಡಿ ಅಂದರೆ ಹಿತ್ತಲಲ್ಲಿ ಕಾಫಿ ಸಸಿ ಏಳುವ ಮಣ್ಣು ಕೂಡ.
ಮಡಿ ಅಂದರೆ—
ಅವ್ವನ ತಮ್ಮ ಗಡಿಯಲ್ಲಿ ಮಡಿದ ವರ್ಷ
ಬಾವುಟ ಮಡಿಸಿ ತಂದು ಅಜ್ಜಿಯ ಕೈಗಿಟ್ಟರು.
ಪರಿಹಾರ ಡಬಲ್ ಮಾಡಿದ್ದೇವೆ, ಅಂದ ಬಂದಿದ್ದ ಆಫೀಸರ್.
ಅಜ್ಜಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದ ನಾಲ್ಕೈದು ಮಾತಿನಲ್ಲಿ
ಅದೂ ಒಂದು.
ಯಾವ ಒಂದರ ಡಬಲ್? ಕೇಳಿದಳಂತೆ.
ಬಾವುಟ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಳು.
ಆ ಮಡಿಕೆಗಳನ್ನು ನಾನು ಎಣಿಸಿಲ್ಲ.

ಬೆಳಿಗ್ಗೆ ಕೊಚ್ಚಿಗೆ ಬರೆದೆ:
ಟೈಮ್ಸ್ ಬೇಡ, ಮೋರ್ ಬೇಡ, ಮೂಟೆ ಎಷ್ಟು? ಅಂಕಿ ಕೊಡಿ.
ಸಂಜೆಯೊಳಗೆ ಫೋನು:
ಅದೇರಿ, ಅರವತ್ತು. ಒಂದೆರಡು ಜಾಸ್ತಿಯಾದರೂ ನಡೆಯುತ್ತೆ.
ಒಂದೋ, ಎರಡೋ? ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಬೊಳ್ಳಿಗೆ ಒಂದು ಚೀಟಿ ಬರೆದುಕೊಟ್ಟೆ.
ಶನಿವಾರ ೧, ಭಾನುವಾರ ೨.
ಬರಬೇಕಾದ ಕೂಲಿ ೩, ಬಂದದ್ದು ೨.
ಅವಳಿಗೆ ಓದು ಬಾರದು, ಅಂಕಿ ಬರುತ್ತದೆ.
ದೀಪದ ಹತ್ತಿರ ಹಿಡಿದು ನೋಡಿದಳು,
ನಾಲ್ಕು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.
ರೈಟರಿಗೆ ತೋರಿಸಿದಳೋ ಇಲ್ಲವೋ
ನಾನು ಕೇಳಿಲ್ಲ, ಅವಳು ಹೇಳಿಲ್ಲ.