ಏಳನೆಯ ಡಬ್ಬಿ

ಕಂಪ್ಯೂಟರಿನೊಳಗಿನ ಹಿರೇಬೆಣಕಲ್ಲಿನಲ್ಲಿ
ಬಂಡೆ ಇರಲಿಲ್ಲ, ಕೋತಿ ಇರಲಿಲ್ಲ,
ಭತ್ತಕ್ಕೆ ಎತ್ತರವೇ ಇರಲಿಲ್ಲ.
ಏಳು ಚುಕ್ಕಿ, ನಡುವೆ ಹನ್ನೊಂದು ಗೆರೆ,
ಎಲ್ಲ ಹಸಿರು.

ಇಲ್ಲಿ ಮಾರ್ಚಿಯ ಹತ್ತು ಗಂಟೆಗೇ
ಕಲ್ಲು ಅಂಗೈ ಸುಡುತ್ತದೆ.
ಆಡು ಕಾಯುವ ಯಮನೂರಪ್ಪ ಬ್ಯಾಟರಿ ಹೊತ್ತು ಮುಂದೆ,
ದಾಖಲೆ ಪುಸ್ತಕ ಹಿಡಿದು ನಾನು ಹಿಂದೆ.
ಒಂದು ಡಬ್ಬಿ ಹೇಳಿದ್ದನ್ನು ಇನ್ನೊಂದು ಕೇಳಿ
ಮತ್ತೊಂದಕ್ಕೆ ದಾಟಿಸುತ್ತದೆ, ಟವರಿನ ಹಂಗಿಲ್ಲ, ಅಂದೆ.
"ಚಿರತಿ ಬಂದ್ರ ನಾವೂ ಹಂಗ ಮಾಡ್ತೀವ್ರೀ ಅಕ್ಕಾರ.
ಒಬ್ಬ ಕೂಗ್ತಾನ, ಕೇಳಿದಂವ ತಿರುಗಿ ಕೂಗ್ತಾನ.
ಕೆಳಗ ಊರು ಮುಟ್ಟೋದ್ರಾಗ
ಚಿರತಿ ಹುಲಿ ಆಗಿರ್ತೈತಿ."
ನಮ್ಮದರಲ್ಲಿ ಹಾಗಾಗದು ಎನ್ನಲು ಹೊರಟು
ಸುಮ್ಮನಾದೆ.

ಮೊದಲನೆಯದು ಶಾಲೆಯ ಮಾಳಿಗೆಗೆ,
ಎರಡನೆಯದು ಕಾಲುವೆಯ ತೂಬಿನ ಮೇಲೆ.
ಮೂರನೆಯದರ ಆಂಟೆನಾವನ್ನು
ಕೋತಿಯೊಂದು ಕಬ್ಬಿನಂತೆ ಕಚ್ಚಿ ನೋಡಿ
ರುಚಿಸದೆ ಎಸೆಯಿತು.
ನಾಲ್ಕರಿಂದ ಐದಕ್ಕೆ ಕೂಗಳತೆ ದೂರ;
ಆದರೂ ನೂರು ಕಳಿಸಿದರೆ ಎಂಬತ್ತು ಕಾಣೆ.
ನಡುವೆ ಮನೆಗಾತ್ರದ ಗುಂಡು ಕೂತಿದೆ,
ಎದ್ದು ಜಾಗ ಬಿಡುವ ಪೈಕಿ ಅಲ್ಲ.
ಜನವರಿಯಲ್ಲಿ ನೀರು ನಿಂತ ಗದ್ದೆಯ ಮೇಲೆ
ಜಾರಿಕೊಂಡು ಹೋಗುತ್ತಿದ್ದ ಸಿಗ್ನಲ್ಲು
ಈಗ ತೆನೆಗಟ್ಟಿದ ಪೈರಿನೊಳಗೆ ಸೊರಗುತ್ತದೆ.
ಸೋನಾಮಸೂರಿ ಮೊಳದುದ್ದ ಬೆಳೆದರೆ
ಮೂರು ಡೆಸಿಬೆಲ್ ನಷ್ಟ
ಎಂದು ಬರೆದುಕೊಂಡೆ.

ಏಳನೆಯದು ಅಕಾಲ ಮಳೆಗೆ ನೆನೆದು ಸತ್ತಿತ್ತು.
ಹಾಗಂತ ನಾನೇ ಬರೆದಿದ್ದೆ,
ಕೆಂಪು ಶಾಯಿಯಲ್ಲಿ, ಸಹಿ ಸಮೇತ.
ಚೀಲ ಭಾರವೆಂದು ಅದನ್ನು
ಖಾಜಾಬನಿಯ ಚಹಾದಂಗಡಿಯಲ್ಲಿ ಬಿಟ್ಟು ವಾರವಾಯಿತು.

ಆರನೆಯದು ಮೇಲೆ, ಮೋರ್ಯರ ಮನೆಗಳ ಬಳಿ:
ನಿಂತ ಚಪ್ಪಡಿ, ಹೊದಿಸಿದ ಚಪ್ಪಡಿ,
ಒಂದಕ್ಕೆ ದುಂಡನೆ ಕಿಂಡಿ. ಒಳಗೆ ಕತ್ತಲೆ ತಂಪಾಗಿತ್ತು.
ಯಮನೂರಪ್ಪ ಚಪ್ಪಲಿ ಬಿಟ್ಟ.
ನಾನೂ ಬಿಟ್ಟು ಅಂಗಾಲು ಸುಟ್ಟುಕೊಂಡೆ.
ಬಂಡೆಯ ತಲೆಯ ಮೇಲೆ ಕಲ್ಲಿನ ನಗಾರಿ.
ಕೊರಡೆತ್ತಿ ಒಮ್ಮೆ ಬಾರಿಸಿದ;
ಢಮ್ಮೆಂದ ದನಿ ಗುಡ್ಡ ಇಳಿದು ಹೋಯಿತು.
ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಿತೆ?
ಗಿಳಿಗಳು ಹಾರಿದವು. ಅಷ್ಟೇ.

ಈಗ ಪರೀಕ್ಷೆ.
ಐದನೆಯದನ್ನು ಬೇಕೆಂದೇ ಕೊಲ್ಲಬೇಕು,
ಉಳಿದವು ತಾವೇ ದಾರಿ ಹುಡುಕುತ್ತವೋ ನೋಡಬೇಕು.
ಫೋನು ಹತ್ತದ ಜಾಗ;
ಕೆಳಗೆ ಕಾದಿದ್ದ ಮೌನೇಶನಿಗೆ ಟವೆಲ್ ಬೀಸಿದೆ.
ಅವನು ತಂತಿ ಕಿತ್ತ.

ಹತ್ತು ಸೆಕೆಂಡು. ಇಪ್ಪತ್ತು.
ಮೂವತ್ತಕ್ಕೆ ನನ್ನ ನಾಲಗೆ ಒಣಗಿತು.
ಯಮನೂರಪ್ಪ ಆಡುಗಳನ್ನು ಎಣಿಸತೊಡಗಿದ.
ನಲವತ್ತೊಂದಕ್ಕೆ ಶಾಲೆಯಿಂದ ಮೇಷ್ಟ್ರ ಉತ್ತರ:
ಬಿಸಿಯೂಟ ಆಯಿತು. ನೀವು ಉಂಡಿರೇನು?

ಬಂದ ದಾರಿ ತೆಗೆದು ನೋಡಿದೆ:
ಒಂದು, ಏಳು, ಆರು.

ಏಳೆ?

ಚಪ್ಪಲಿ ಮರೆತು ಇಳಿದೆ.
ತಗಡಿನ ಮಾಡಿನ ಮೇಲೆ, ಒಣಹಾಕಿದ ಮೆಣಸಿನಕಾಯಿಯ ಪಕ್ಕ
ಮಿಣಿಮಿಣಿ ಎನ್ನುತ್ತ ಕೂತಿತ್ತು.
"ನೀರು ಕುಡಿದಿತ್ತವ್ವಾ," ಅಂದಳು ಖಾಜಾಬನಿ,
"ಅಕ್ಕಿ ಡಬ್ಬ್ಯಾಗ ಎರಡು ದಿನ ಹೂತಿಟ್ಟೆ,
ಆಮ್ಯಾಲೆ ನನ್ನ ಮೊಬೈಲಿನ ವೈರು ಹಚ್ಚಿದೆ.
ಮನ್ಯಾಗ ಮುಸುಕು ಹೊದ್ದಂಗಿತ್ತು, ಮ್ಯಾಲಿಟ್ಟೆ.
ಬ್ಯಾಡಾಗಿತ್ತೇನು?"

ಕೆಂಪು ಅಕ್ಷರದ ಮೇಲೆ ಗೆರೆ ಎಳೆದೆ.
ದುರಸ್ತಿ ಮಾಡಿದವರು ಎಂಬಲ್ಲಿ ಅವಳ ಹೆಸರು,
ಬಳಸಿದ ಸಾಮಗ್ರಿ ಎಂಬಲ್ಲಿ: ಅಕ್ಕಿ.

ಚಹಾ ಸೋಸುತ್ತ ಕೇಳಿದಳು:
"ಇದರ ಕರೆಂಟು ಬಿಲ್ಲು ಯಾರು ಕಟ್ಟತಾರ?"
ಅದಕ್ಕೆ ನಮ್ಮ ಕೋಷ್ಟಕದಲ್ಲಿ ಕಾಲಮ್ಮಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಸಣ್ಣ ಅಕ್ಷರದಲ್ಲಿ,
ಮತ್ತೆ ಗುಡ್ಡದ ಕಡೆ ನೋಡಿದೆ:
ಯಮನೂರಪ್ಪ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು
ಆಡುಗಳ ನಡುವೆ ಇಳಿದು ಬರುತ್ತಿದ್ದ.