ನೋಡಿದವರ ಪಟ್ಟಿ

ಹೀಯುಮಾ ದ್ವೀಪದ ಹಡಗುಕಟ್ಟೆಯಲ್ಲಿ
ಟಿಕೆಟ್ ಹರಿಯುವವಳು ನಾನು, ವಿರ್ವೆ.
ಈಗ ಹರಿಯುವುದೂ ಇಲ್ಲ. ಅವರು ಫೋನು ತೋರಿಸುತ್ತಾರೆ,
ಯಂತ್ರ ಕೀಂ ಅನ್ನುತ್ತದೆ, ನಾನು ತಲೆಯಾಡಿಸುತ್ತೇನೆ.
ಯಾರು ಬಂದರು, ಯಾರು ಹೋದರು,
ಯಾರ ಕಾರಿನಲ್ಲಿ ಯಾರ ಹೆಂಡತಿ,
ಇಪ್ಪತ್ತೆರಡು ವರ್ಷದ್ದೆಲ್ಲ ಗೊತ್ತು ನನಗೆ.
ಹೇಳುವುದಿಲ್ಲ, ಅಷ್ಟೆ.

ಫೆಬ್ರವರಿಯಲ್ಲಿ ಎಡಮೊಲೆಯೊಳಗೆ
ಬಟಾಣಿಯಷ್ಟು ಏನೋ ಬೆರಳಿಗೆ ಸಿಕ್ಕಿತು.
ಚಿತ್ರ ತೆಗೆದರು. ಅದು ತಂತಿಯಲ್ಲಿ ಹೋಯಿತು, ಕಣ್ಣು ಮಿಟುಕಿಸುವುದರೊಳಗೆ.
ಆಮೇಲೆ ಸೂಜಿ ಚುಚ್ಚಿ ತೆಗೆದ ಚೂರು ಮಾತ್ರ
ನನ್ನದೇ ಹಡಗಿನಲ್ಲಿ ಕಡಲು ದಾಟಿತು,
ತಣ್ಣನೆಯ ಡಬ್ಬಿಯೊಳಗೆ,
ಟಿಕೆಟ್ಟಿಲ್ಲದೆ.

ಅಮ್ಮನ ಕಾಲದಲ್ಲಿ ರೋಗ ಡಾಕ್ಟರದ್ದು.
ಓದಲಾಗದ ಅಕ್ಷರ, ಕಡತ, ಕಡತಕ್ಕೊಂದು ಬೀರು,
ಬೀರುವಿನ ಕೀಲಿ ಬಿಳಿ ಕೋಟಿನ ಜೇಬಿನಲ್ಲಿ.
'ರಕ್ತ ಸ್ವಲ್ಪ ಕಡಿಮೆ' ಅಂದಿದ್ದರು ಅವಳಿಗೆ.
ತನ್ನನ್ನು ತಿಂದದ್ದರ ಹೆಸರು ಕೇಳದೆಯೇ ಹೋದಳು.

ನನಗೆ ಹಾಗಲ್ಲ.
ಗುರುತಿನ ಚೀಟಿ ತೂರಿಸಿ ನಾಲ್ಕಂಕಿ ಒತ್ತಿದರೆ
ನನ್ನ ಒಳಗೆಲ್ಲ ಅಡುಗೆಮನೆಯ ಮೇಜಿನ ಮೇಲೆ,
ಬೆಣ್ಣೆ ಬಟ್ಟಲಿನ ಪಕ್ಕ:
ಸಕ್ಕರೆ, ಉಪ್ಪು, ಕಿತ್ತ ಹಲ್ಲು,
ನಿಲ್ಲದೆ ಹೋದ ಒಂದು ಬಸಿರು
(ಅದನ್ನು ನಾನೇ ಮರೆತಿದ್ದೆ, ಅದು ಮರೆತಿಲ್ಲ).
ಎಲ್ಲದರ ಕೆಳಗೆ, ಅಕ್ಕನ ಮಗಳು ತ್ರೀನು ತೋರಿಸಿಕೊಟ್ಟ ಪುಟ:
ನಿಮ್ಮನ್ನು ಯಾರು ಯಾರು ನೋಡಿದರು.

ಸೋಮವಾರ, ಬೆಳಿಗ್ಗೆ, ಮನೆವೈದ್ಯೆ. ಸರಿ.
ಬುಧವಾರ, ರಾತ್ರಿ ಮೂರೂ ಐದು,
ಟಾಲಿನ್ನಿನಲ್ಲಿ ಯಾರೋ ಟಾನೆಲ್ ಪಿಹ್ಲಕ್, ಚಿತ್ರ ಓದುವವನು.
ಮತ್ತೆ ಮೂರೂ ಹದಿನಾರಕ್ಕೆ ಅವನೇ.
ಎರಡನೆಯ ಸಲ ಯಾಕೆ?
ಆ ಹೊತ್ತಿನಲ್ಲಿ ನನ್ನ ಎದೆಯನ್ನು ಯಾರೂ ನೋಡದೆ
ಹದಿನಾಲ್ಕು ವರ್ಷವಾಗಿತ್ತು.
ಕಾಫಿ ಕುಡಿಯಲು ಎದ್ದು, ಏನೋ ಚುಚ್ಚಿದಂತಾಗಿ,
ವಾಪಸು ಬಂದು ಕೂತನೇ?
ಮುಖ ಕಾಣದ ಆ ಹುಡುಗನ ಮೇಲೆ
ಹುಡುಗನೋ ಮುದುಕನೋ,
ನನಗೆ ಮಮತೆ ಹುಟ್ಟಿತು.

ಗುರುವಾರ, ರಾತ್ರಿ ಒಂಬತ್ತೂ ನಲವತ್ತೇಳು.
ಹೆಲ್ಯೆ ಕಾಸ್ಕ್. ಮೂಳೆ ವಾರ್ಡಿನ ನರ್ಸು.
ನನ್ನ ಮೂಳೆಗೆ ಏನೂ ಆಗಿಲ್ಲ.
ಹೆಲ್ಯೆ ನನ್ನ ಬೇಲಿಯಾಚೆಯ ಮನೆಯವಳು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದಳು,
ಬಟ್ಟೆ ಸುತ್ತಿದ ಬಿಸಿ ರೈ ರೊಟ್ಟಿ ಹಿಡಿದು.
'ಸುಮ್ಮನೆ, ಹಿಟ್ಟು ಹೆಚ್ಚಾಗಿತ್ತು.'
ಮೂವತ್ತು ವರ್ಷದಲ್ಲಿ ಸುಮ್ಮನೆ ಏನೂ ಕೊಟ್ಟವಳಲ್ಲ,
ಕೊಟ್ಟ ಏಣಿಯನ್ನು ಕತ್ತಲಾಗುವ ಮುಂಚೆ ಕೇಳುವವಳು.
ಕಣ್ಣು ನನ್ನ ಮುಖಕ್ಕಿಂತ ಒಂದು ಗೇಣು ಕೆಳಗಿತ್ತು.
ನಾನು ಆ ರೊಟ್ಟಿಯನ್ನು ಪ್ರೀತಿ ಅಂದುಕೊಂಡೇ ತಿಂದೆ.
ಪಟ್ಟಿ ನೋಡಿದ್ದು ಶನಿವಾರ.

ಪುಟದ ಮೂಲೆಯಲ್ಲೊಂದು ಗುಂಡಿ: ವಿವರಣೆ ಕೇಳಿ.
ಒತ್ತಿದರೆ ಅವಳ ಕೆಲಸ ಹೋಗಬಹುದು.
ಇನ್ನೊಂದು ಗುಂಡಿ: ಎಲ್ಲರಿಗೂ ಮುಚ್ಚಿ.
ಒತ್ತಿದರೆ ಟಾನೆಲ್‌ಗೂ ಕತ್ತಲೆ.

ಗಂಡ ಬಿಟ್ಟುಹೋದ ದಿನ ಇಡೀ ಕಟ್ಟೆಗೆ ನನಗಿಂತ ಮೊದಲೇ ಗೊತ್ತಿತ್ತು.
ಆ ಕಣ್ಣುಗಳಿಗೆ ಯಾವ ಪಟ್ಟಿ ಇತ್ತು?
ಈಗ ಕದ್ದು ನೋಡಿದ ನೋಟವೂ ಹೆಜ್ಜೆ ಉಳಿಸುತ್ತದೆ,
ಹೊಸ ಹಿಮದಲ್ಲಿ ಕೋಳಿಗೂಡಿನತ್ತ ನರಿ ನಡೆದ ಹಾಗೆ.
ನಾನು ನೋಡಿದ್ದಕ್ಕೆ?
ಇಪ್ಪತ್ತೆರಡು ವರ್ಷ ಕಾರಿನ ಗಾಜಿನೊಳಗೆ ಇಣುಕಿದ್ದಕ್ಕೆ?

ಭಾನುವಾರ ಆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಿಸಿ
ಬೇಲಿ ದಾಟಿದೆ.
'ರೊಟ್ಟಿ ಚೆನ್ನಾಗಿತ್ತು' ಅಂದೆ,
'ಗುರುವಾರ ರಾತ್ರಿ, ಒಂಬತ್ತೂ ನಲವತ್ತೇಳಕ್ಕೆ.'

ಬಟ್ಟೆ ಈಸಿಕೊಂಡ ಕೈ ಅಲ್ಲೇ ನಿಂತಿತು.
ಕುತ್ತಿಗೆ ಕೆಂಪಾಯಿತು, ಆಮೇಲೆ ಕಿವಿ.
'ನನ್ನ ತಂಗಿಗೂ ಅಲ್ಲೇ ಇತ್ತು,' ಅಂದಳು, 'ಎಡಕ್ಕೇ.'
ತಂಗಿಯಿದ್ದಳೆಂದೇ ನನಗೆ ಗೊತ್ತಿರಲಿಲ್ಲ.
ಬಾಗಿಲು ಪೂರ್ತಿ ತೆಗೆದಳು. ಒಲೆಯ ಬಿಸಿ ಮುಖಕ್ಕೆ ಬಡಿಯಿತು.

ಚೂರಿನ ಫಲಿತಾಂಶ ಇನ್ನೂ ಬಂದಿಲ್ಲ.
ಒಳಗೆ ಹೋದೆನೋ, ಹೊಸ್ತಿಲಿಂದಲೇ ತಿರುಗಿದೆನೋ
ಅದು ಯಾವ ಪಟ್ಟಿಯಲ್ಲೂ ಇಲ್ಲ.